ಹೆಪ್ಪಿನ ಬಟ್ಟಲು

ಐದೂ ಇಪ್ಪತ್ತಕ್ಕೆ ಫೋನು. ಸಂಕನಕೊಪ್ಪಲಿನ ಡೇರಿಯಿಂದ ಕೆಂಪಾಜಮ್ಮ:
"ಅಲ್ಲ ಕಣವ್ವ, ನೆನ್ನೆ ಒಳಕ್ಕೆ ಬುಟ್ಟಿತ್ತು,
ಇವತ್ತು ನೀನ್ಯಾರು ಅಂತದೆ ಮಿಷಿನ್ನು.
ಹದಿನೇಳು ಜನ ಕ್ಯಾನು ಹಿಡಕಂಡು ನಿಂತವ್ರೆ.
ಹಾಲು ಕಾಯ್ತದಾ?"

ಕಾಯುವುದು ಅನ್ನುವ ಒಂದೇ ಮಾತಿಗೆ
ಒಲೆಯ ಮೇಲೊಂದು ಅರ್ಥ, ಸಾಲಿನಲ್ಲೊಂದು,
ಬಾಗಿಲಲ್ಲೊಂದು.
ಬಾಗಿಲಿನದು ನನ್ನ ಪಾಲಿಗೆ ಬಂದದ್ದು.
ಮಂಡ್ಯದ ನೂರಡಿ ರಸ್ತೆಯಲ್ಲಿ, ಔಷಧಿ ಅಂಗಡಿಯ ಮಾಳಿಗೆಯಲ್ಲಿ
ಗುರುತಿನ ಸರ್ವರು ನೋಡಿಕೊಳ್ಳುತ್ತೇನೆ.
ಇವರು ಇಂಥವರು ಎಂದು ಚೀಟಿ ಬರೆದು
ಕೆಳಗೆ ರುಜು ಹಾಕುವುದು, ಅಷ್ಟೇ ಅದರ ಕಸುಬು.

ರಾತ್ರಿ ಎರಡಕ್ಕೆ ಹೊಸ ಆವೃತ್ತಿ ಏರಿಸಿದ್ದೆ.
ಹಳೆಯ ಕಂಟೇನರ್ ನಿಂತಿತು, ಹೊಸದು ಎದ್ದಿತು,
ಹಸಿರು ದೀಪ ನೋಡಿ ಮಲಗಿದೆ.
ಎದ್ದದ್ದೇ ತಡ, ಅದು ತನಗೊಂದು ರುಜುವಿನ ಕೀಲಿ
ತಾನೇ ಕಡೆದುಕೊಂಡಿದೆ.
ಹಳೆಯದನ್ನು ಯಾರೂ ಅದರ ಕೈಗೆ ಕೊಟ್ಟಿರಲಿಲ್ಲವಲ್ಲ.
ನಿನ್ನೆ ತಾನೇ ಬರೆದ ಚೀಟಿ ತೋರಿಸಿದರೆ
ಇದು ನನ್ನ ಕೈಯಲ್ಲ ಅನ್ನುತ್ತದೆ.
ಸುಳ್ಳು ಹೇಳುತ್ತಿಲ್ಲ ಪಾಪ.

ಸಾಲದ್ದಕ್ಕೆ ಹೊರೆ ಹಂಚಲೆಂದು ಈ ಸಲ ಎರಡು ಓಡಿಸಿದ್ದೆ,
ಎರಡಕ್ಕೂ ಬೇರೆ ಬೇರೆ ಕೀಲಿ.
ಒಂದರ ಚೀಟಿ ಇನ್ನೊಂದಕ್ಕೆ ಆಗದು.
ಹೊಸ ಚೀಟಿ ಪಡೆದರೂ ಕೆಂಪಾಜಮ್ಮನಿಗೆ
ಒಮ್ಮೆ ಬಾಗಿಲು, ಒಮ್ಮೆ ಗೋಡೆ.

ಅಡುಗೆಮನೆಯಲ್ಲಿ ಬೆಟ್ಟಸ್ವಾಮಿ ಮೊಸರಿನ ಪಾತ್ರೆ ತೊಳೆಯುತ್ತಿದ್ದ.
ನಮ್ಮ ಮನೆಯಲ್ಲಿ ಮೊಸರು ಅವನ ಖಾತೆ.
ಪಾತ್ರೆಗೆ ನೀರು ಬಿಡುವ ಮುಂಚೆ ಒಂದು ಚಮಚ ತೆಗೆದು
ಕಿಟಕಿಯ ಪಕ್ಕದ ಸ್ಟೀಲು ಬಟ್ಟಲಿಗೆ.
ಹನ್ನೊಂದು ವರ್ಷದಿಂದ ನೋಡುತ್ತಲೇ ಇದ್ದೆ,
ಇವತ್ತು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು
ನೋಡಿದೆ.

ಹಳೆಯ ಕಂಟೇನರ್ ಸತ್ತಿದ್ದರೂ ಮಣ್ಣು ಮಾಡಿರಲಿಲ್ಲ.
ಅದರ ಒಳಗೆ ಕೈಹಾಕಿ ಕೀಲಿ ಹೊರಗೆ ತೆಗೆದೆ.
ಪಾತ್ರೆಯಾಚೆ ಒಂದು ಬಟ್ಟಲು: ಡಿಸ್ಕಿನ ಮೇಲೊಂದು ಕೋಶ,
ಎರಡೂ ಕಂಟೇನರಿಗೆ ಅದನ್ನೇ ತೋರಿಸಿದೆ.
ಓದಲಾರೆ ಅಂದವು.
ಕೀಲಿಯ ಒಡೆತನ ನನ್ನ ಹೆಸರಿನಲ್ಲೇ ಉಳಿದಿತ್ತು,
ಅವು ಇನ್ನಾರದೋ ಹೆಸರಿನಲ್ಲಿ ಬದುಕುವಂಥವು.
ಒಡೆತನ ಬದಲಿಸಿದೆ. ಆರು, ಸೊನ್ನೆ, ಸೊನ್ನೆ:
ಒಡೆಯನೊಬ್ಬನಿಗೆ ಬಿಟ್ಟು ಮಿಕ್ಕವರಿಗೆ ಕುರುಡು.
ಮತ್ತೆ ಎಬ್ಬಿಸಿದೆ. ಬೇಕೆಂದೇ ಕೊಂದೆ, ಮತ್ತೆ ಎಬ್ಬಿಸಿದೆ.
ಎರಡೂ ಒಂದೇ ಕೈಯಲ್ಲಿ ರುಜು ಹಾಕಿದವು.

ಇಲ್ಲಿಗೆ ಹೆಪ್ಪಿನ ಹೋಲಿಕೆ ಮುಗಿಯಿತು.
ಬೆಟ್ಟಸ್ವಾಮಿ ಒಮ್ಮೆ ಮರೆತು ಬಟ್ಟಲನ್ನೂ ತೊಳೆದಾಗ
ಕೆಳಗಿನ ಮನೆಯ ಮೆಹರುನ್ನಿಸಾ ಒಂದು ಲೋಟ ಕೊಟ್ಟಿದ್ದರು.
ಹೆಪ್ಪು ಬೀದಿಯ ಸ್ವತ್ತು.
ಇದನ್ನು ಒಂದು ಹನಿಯೂ ಯಾರಿಗೂ ಕೊಡುವಂತಿಲ್ಲ,
ಕೊಟ್ಟರೆ ಕಂಡಕಂಡವರೆಲ್ಲ ಕೆಂಪಾಜಮ್ಮ.
ಇದರ ಜೋಡಿ ಕೀಲಿಯನ್ನು ಮಾತ್ರ ಊರಗೋಡೆಗೆ ಅಂಟಿಸಬಹುದು,
ಅದು ರುಜು ಪರೀಕ್ಷಿಸುತ್ತದೆ, ಹಾಕಲಾರದು.
ಒಂದು ನಕಲು ಕಬ್ಬಿಣದ ಬೀರುವಿಗೆ, ಬೀಗ ಹಾಕಿ.

ತೊಂಬತ್ತು ದಿನಕ್ಕೆ ಬದಲಿಸಬೇಕು.
ಬದಲಿಸಿದ ದಿನವೇ ಹಳೆಯದನ್ನು ಎಸೆಯಬಾರದು,
ಅದು ಬರೆದ ಕೊನೆಯ ಚೀಟಿ ಹಳಸುವ ತನಕ
ಗೋಡೆಯ ಮೇಲೆ ಅದರ ಜೋಡಿಯೂ ಇರಬೇಕು.
ಇದನ್ನೆಲ್ಲ ಬರೆದಿಡಬೇಕು ಅಂದುಕೊಂಡು
ಎರಡು ವರ್ಷ ಆಯಿತು.

ಆರೂ ಹತ್ತಕ್ಕೆ ಮತ್ತೆ ಅವಳೇ:
"ಬುಡ್ತು ಕಣವ್ವ ಒಳಕ್ಕೆ.
ಆದ್ರೆ ಮೂರು ಜನ ಕಾಯ್ನಿಲ್ಲ, ಹೋಟ್ಲಿಗೆ ಹಾಕ್ಬುಟ್ಟು ಹೋದ್ರು,
ಲೀಟ್ರಿಗೆ ನಾಕು ರೂಪಾಯಿ ಕಮ್ಮಿಗೆ.
ಅದು ಯಾರ ಲೆಕ್ಕ?"

ಹೆಸರು ಕೇಳಿದೆ. ಎಷ್ಟು ಲೀಟರು ಅಂತಲೂ.
ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕಕ್ಕೆ ಹಿಡಿಸದೆ
ನಾಳೆಯ ಚೌಕಕ್ಕೂ ಹರಿಯಿತು ಬರಹ.
ಕೆಳಗೆ, ಪೆನ್ನಿನಲ್ಲಿ, ನನ್ನ ರುಜು.